ಗೇಟಿನಲ್ಲಿ ನಿಂತವರ ಮುಖ ಕಾಣಬೇಕು: ಮನೆಗೆ ಸಿಸಿ ಕ್ಯಾಮೆರಾ ಆರಿಸುವ, ಕೂರಿಸುವ ಲೆಕ್ಕ

ಕಳ್ಳತನವಾದ ಮನೆಯ ಸಿಸಿಟಿವಿ ತೆಗೆದು ನೋಡಿದರೆ ಬಹಳ ಸಲ ಕಾಣುವುದು ಒಂದು ಬೂದು ಆಕೃತಿ. ಗೇಟು ಹತ್ತಿ ಬರುತ್ತದೆ, ಹತ್ತು ನಿಮಿಷದ ಮೇಲೆ ಹೋಗುತ್ತದೆ. ಮುಖದ ಜಾಗದಲ್ಲಿ ಕಲಸಿಹೋದ ಬಿಳಿ ಮಚ್ಚೆ. ಯಾರೋ ಬಂದಿದ್ದರು ಎಂಬುದನ್ನು ಒಡೆದ ಬೀಗವೇ ಹೇಳುತ್ತದೆ. ಕ್ಯಾಮೆರಾ ಹೇಳಬೇಕಾದದ್ದು ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು ಎಂಬುದನ್ನು.

ಅಂಗಡಿಯಲ್ಲಿ ಮಾತು ಶುರುವಾಗುವುದೇ 'ನಾಲ್ಕು ಕ್ಯಾಮೆರಾ, ಒಂದು ಡಿವಿಆರ್, ಒಂದು ಟಿಬಿ ಹಾರ್ಡ್ ಡಿಸ್ಕ್' ಎಂಬ ಸೆಟ್ಟಿನಿಂದ. ಡಿವಿಆರ್ ಎಂದರೆ ಕ್ಯಾಮೆರಾಗಳ ದೃಶ್ಯವನ್ನು ದಾಖಲಿಸಿಕೊಳ್ಳುವ ಪೆಟ್ಟಿಗೆ. ನಾಲ್ಕೂ ಒಂದೇ ಮಾದರಿ, ಒಂದೇ ಲೆನ್ಸ್. ಮನೆಯ ನಾಲ್ಕು ಮೂಲೆಗೆ ನಾಲ್ಕು ಹಾಕಿದರೆ ಕೆಲಸ ಮುಗಿಯಿತು. ಆದರೆ ಗೇಟಿನ ಕ್ಯಾಮೆರಾಕ್ಕೂ ಟೆರೇಸಿನ ಕ್ಯಾಮೆರಾಕ್ಕೂ ಒಂದೇ ಕೆಲಸವಿಲ್ಲ. ಮೊದಲು ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬರೆದು, ಪ್ರತಿ ಜಾಗದ ಎದುರು ಅಲ್ಲಿ ಏನು ಗೊತ್ತಾಗಬೇಕು ಎಂದು ಬರೆಯಿರಿ: ಅಪರಿಚಿತರ ಮುಖವೇ, ಪರಿಚಿತರ ಗುರುತೇ, ಅಥವಾ ಯಾರೋ ಓಡಾಡಿದರು ಎಂಬುದಷ್ಟೇ ಸಾಕೇ? ಕ್ಯಾಮೆರಾ, ಲೆನ್ಸ್, ಎತ್ತರ ಎಲ್ಲವೂ ಇದರಿಂದಲೇ ತೀರ್ಮಾನವಾಗುತ್ತವೆ.

ಮೆಗಾಪಿಕ್ಸೆಲ್ ಅರ್ಧ ಉತ್ತರ ಮಾತ್ರ

ಈ ಉದ್ಯಮದಲ್ಲಿ ಬಳಕೆಯಲ್ಲಿರುವ ಅಳತೆ ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯಿಂದ ಬಂದದ್ದು. ದೃಶ್ಯದಲ್ಲಿ ಒಂದು ಮೀಟರ್ ಅಗಲದ ಜಾಗಕ್ಕೆ ಎಷ್ಟು ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕೆ, ಸಿಗುತ್ತವೆ ಎಂಬುದೇ ಲೆಕ್ಕ. 25 ಪಿಕ್ಸೆಲ್ ಇದ್ದರೆ ಅಲ್ಲಿ ಮನುಷ್ಯನಿದ್ದಾನೆ ಎಂದು ಹೇಳಬಹುದು. 125 ಇದ್ದರೆ ಈಗಾಗಲೇ ಗೊತ್ತಿರುವವರನ್ನು ಗುರುತು ಹಿಡಿಯಬಹುದು. ಗೊತ್ತಿಲ್ಲದವರ ಮುಖವನ್ನು ಬೇರೆಯವರಿಗೆ ತೋರಿಸಿ 'ಇವನೇ' ಎನ್ನಿಸಲು 250 ಬೇಕು.

ಈಗ ಲೆನ್ಸ್ ನೋಡೋಣ. ಮನೆಗೆ ಮಾರುವ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.8 ಎಂಎಂ ಲೆನ್ಸಿನವು; ಈ ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ. ಅವು ಸುಮಾರು 100 ಡಿಗ್ರಿ ಅಗಲಕ್ಕೆ ನೋಡುತ್ತವೆ. 4 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 2560 ಪಿಕ್ಸೆಲ್. ಮೀಟರಿಗೆ 250ರಂತೆ ಹಂಚಿದರೆ 10.2 ಮೀಟರ್ ಅಗಲದ ದೃಶ್ಯಕ್ಕೆ ಮಾತ್ರ ಸಾಲುತ್ತದೆ. 100 ಡಿಗ್ರಿ ನೋಟ ಅಷ್ಟು ಅಗಲವಾಗುವುದು ಕ್ಯಾಮೆರಾದಿಂದ 4.3 ಮೀಟರ್, ಅಂದರೆ 14 ಅಡಿ ದೂರದಲ್ಲಿ. ಅದರಾಚೆಗಿನ ಮುಖ ನಂಬುವಂಥದ್ದಲ್ಲ. 2 ಮೆಗಾಪಿಕ್ಸೆಲ್ ಆದರೆ ಇದು ಹತ್ತೂವರೆ ಅಡಿಗೇ ನಿಲ್ಲುತ್ತದೆ. 8 ಮೆಗಾಪಿಕ್ಸೆಲ್‌ಗೆ, '4ಕೆ' ಎಂದು ಕರೆಯುವುದಕ್ಕೆ, 21 ಅಡಿ. ಮೆಗಾಪಿಕ್ಸೆಲ್ ನಾಲ್ಕು ಪಟ್ಟಾದರೂ ದೂರ ಎರಡೇ ಪಟ್ಟಾಗುತ್ತದೆ, ಏಕೆಂದರೆ ಪಿಕ್ಸೆಲ್‌ಗಳು ಅಡ್ಡಕ್ಕೂ ಉದ್ದಕ್ಕೂ ಹಂಚಿಹೋಗುತ್ತವೆ.

ಅದೇ 4 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು 6 ಎಂಎಂ ಲೆನ್ಸಿನಲ್ಲಿ ತೆಗೆದುಕೊಂಡರೆ ನೋಟ ಸುಮಾರು 52 ಡಿಗ್ರಿಗೆ ಕಿರಿದಾಗುತ್ತದೆ, ಮುಖ ಸಿಗುವ ದೂರ 34 ಅಡಿಗೆ ಏರುತ್ತದೆ. ಹೆಚ್ಚು ಮೆಗಾಪಿಕ್ಸೆಲ್‌ಗೆ ದುಡ್ಡು ಸುರಿಯುವ ಮೊದಲು ಸರಿಯಾದ ಲೆನ್ಸ್ ಕೇಳಿ. ಅಂಗಡಿಯವರು '3.6 ಮಾತ್ರ ಸ್ಟಾಕ್ ಇದೆ' ಎಂದರೆ ಒಂದೆರಡು ದಿನ ಕಾಯುವುದು ಲೇಸು. ದೂರ ಖಚಿತವಿಲ್ಲದ ಜಾಗಕ್ಕೆ 2.8ರಿಂದ 12 ಎಂಎಂವರೆಗೆ ಹೊಂದಿಸಬಹುದಾದ ವೇರಿಫೋಕಲ್ ಲೆನ್ಸ್ ಸಿಗುತ್ತದೆ; ಬೆಲೆ ಹೆಚ್ಚು, ಆದರೆ ಗೇಟಿನ ಒಂದು ಕ್ಯಾಮೆರಾಕ್ಕೆ ಅಷ್ಟು ಖರ್ಚು ಮಾಡಿದರೆ ನಷ್ಟವಿಲ್ಲ.

ಎತ್ತರದ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಕೈಗೆ ಸಿಗಬಾರದೆಂದು ಹನ್ನೆರಡು ಅಡಿ ಮೇಲೆ ಹಾಕಿದರೆ ಸಿಗುವುದು ನೆತ್ತಿ, ಟೋಪಿ, ಹೆಲ್ಮೆಟ್ಟು. 10 ಅಡಿ ಎತ್ತರದ ಕ್ಯಾಮೆರಾ ಆರೂವರೆ ಅಡಿ ದೂರದಲ್ಲಿ ನಿಂತವರ ಮುಖವನ್ನು 35 ಡಿಗ್ರಿ ಇಳಿಜಾರಿನಲ್ಲಿ ನೋಡುತ್ತದೆ. ಹಣೆ ಕಾಣುತ್ತದೆ, ಕಣ್ಣು ನೆರಳಿಗೆ ಹೋಗುತ್ತದೆ. 8 ಅಡಿ ಎತ್ತರದಲ್ಲಿ ಹಾಕಿ ವ್ಯಕ್ತಿ 10 ಅಡಿ ದೂರದಲ್ಲಿದ್ದರೆ ಇಳಿಜಾರು ಸುಮಾರು 15 ಡಿಗ್ರಿಯಷ್ಟೇ. ಎಂಟರಿಂದ ಒಂಬತ್ತು ಅಡಿ ಸರಿ. ಕೈ ಹಾಕಿ ತಿರುಗಿಸುವ ಭಯವಿದ್ದರೆ ಆ ಕ್ಯಾಮೆರಾವನ್ನು ನೋಡುವಂತೆ ಇನ್ನೊಂದನ್ನು ಇಡಿ.

ಮೂವತ್ತು-ನಲವತ್ತು ಸೈಟಿನ ಮನೆಯಲ್ಲಿ

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಡಾವಣೆಗಳಲ್ಲಿ ಎಲ್ಲೆಲ್ಲೂ ಕಾಣುವ 30×40 ಅಡಿ ಸೈಟನ್ನೇ ತೆಗೆದುಕೊಳ್ಳೋಣ. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು, ಪಕ್ಕದಲ್ಲಿ ಹೊರಗಿನ ಮೆಟ್ಟಿಲು, ಪೋರ್ಟಿಕೊದಲ್ಲಿ ಗಾಡಿ, ಪಕ್ಕದ ಮನೆಗೂ ನಮ್ಮ ಮನೆಗೂ ನಡುವೆ ಮೂರಡಿ ಸಂದಿ.

ಗೇಟಿಗೆ ಮುಖ ಸಿಗುವ ಕ್ಯಾಮೆರಾ ಬೇಕು. ಪೋರ್ಟಿಕೊದ ಕಂಬದಿಂದ ಗೇಟಿಗೆ 12 ಅಡಿ ಇದ್ದರೆ 4 ಮೆಗಾಪಿಕ್ಸೆಲ್, 4 ಎಂಎಂ ಲೆನ್ಸ್ ಧಾರಾಳ. ರಸ್ತೆಯೆಲ್ಲ ಕಾಣಲಿ ಎಂಬ ಆಸೆಗೆ ಕ್ಯಾಮೆರಾವನ್ನು ಮೇಲಕ್ಕೆ ಎತ್ತಬೇಡಿ; ರಸ್ತೆ ಬೇಕೆಂದರೆ ಅದಕ್ಕೆ ಬೇರೆ ಕ್ಯಾಮೆರಾ. ಬಾಗಿಲಿಗೆ ಎರಡನೆಯದು: ಬಾಗಿಲ ಪಕ್ಕದಲ್ಲಿ, ಬಂದವರು ಎದುರಾಗಿ ನಿಲ್ಲುವಂತೆ, 2.8 ಎಂಎಂ. ಇಲ್ಲಿ ವಿಡಿಯೊ ಡೋರ್‌ಬೆಲ್ ಕೂಡ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಅದು ಮುಖದ ಮಟ್ಟದಲ್ಲೇ ಇರುತ್ತದೆ.

ಪಕ್ಕದ ಸಂದಿಗೆ ಮಾಮೂಲಿ ರೀತಿಯಲ್ಲಿ ಕ್ಯಾಮೆರಾ ಹಾಕಿದರೆ ಚಿತ್ರದ ಮುಕ್ಕಾಲು ಭಾಗ ಎರಡು ಗೋಡೆಗಳೇ. ಐಪಿ ಕ್ಯಾಮೆರಾವನ್ನು (ನೆಟ್‌ವರ್ಕ್ ಕೇಬಲ್ ಅಥವಾ ವೈಫೈ ಮೂಲಕ ಚಿತ್ರ ಕಳಿಸುವ ಕ್ಯಾಮೆರಾ) 90 ಡಿಗ್ರಿ ಅಡ್ಡ ತಿರುಗಿಸಿ, ಸೆಟ್ಟಿಂಗ್‌ನಲ್ಲಿ ಕಾರಿಡಾರ್ ಮೋಡ್ ಅಥವಾ ರೊಟೇಟ್ ಆನ್ ಮಾಡಿದರೆ ಚಿತ್ರ ಮೊಬೈಲಿನಂತೆ ಉದ್ದಕ್ಕಾಗುತ್ತದೆ, ಸಂದಿ ಆ ತುದಿಯಿಂದ ಈ ತುದಿಯವರೆಗೆ ಕಾಣುತ್ತದೆ. ಈ ಸೌಲಭ್ಯ ಕ್ಯಾಮೆರಾದಲ್ಲೇ ಇರುತ್ತದೆ. ಹಾಕುವವರು ಬಳಸುವುದು ಅಪರೂಪ.

ನಾಲ್ಕನೆಯದು ಟೆರೇಸಿನ ಹೆಡ್‌ರೂಮ್ ಬಾಗಿಲಿಗೆ. ಮನೆಗಳು ಒತ್ತೊತ್ತಾಗಿರುವ ಕಡೆ ಪಕ್ಕದ ಟೆರೇಸಿನಿಂದ ದಾಟಿ ಬರುವುದು ಸುಲಭ, ಆ ಬಾಗಿಲು ಮನೆಯಲ್ಲೇ ದುರ್ಬಲವಾದದ್ದು. ಇಷ್ಟಾದ ಮೇಲೆ ದುಡ್ಡು ಉಳಿದರೆ ಒಳಗೆ ಹಾಲ್‌ಗೆ ಒಂದು. ಮಲಗುವ ಕೋಣೆಗೆ ಬೇಡ.

ಗೋಡೆ ಕೊರೆಯುವ ಮುನ್ನ ಒಂದು ಸಂಜೆ ಮೀಸಲಿಡಿ. ಕತ್ತಲಾದ ಮೇಲೆ ಕ್ಯಾಮೆರಾವನ್ನು ಉದ್ದೇಶಿತ ಜಾಗದಲ್ಲಿ ಕೈಯಲ್ಲೋ ಟೇಪಿನಲ್ಲೋ ಹಿಡಿದು, ತಾತ್ಕಾಲಿಕ ಕೇಬಲ್ ಕೊಟ್ಟು ರೆಕಾರ್ಡ್ ಮಾಡಿ. ಮನೆಯವರೊಬ್ಬರು ಗೇಟು ತೆಗೆದು ಮಾಮೂಲಿ ವೇಗದಲ್ಲಿ ನಡೆದು ಬರಲಿ. ಲೈವ್ ನೋಡಿ ತೃಪ್ತಿಪಡಬೇಡಿ. ರೆಕಾರ್ಡಿಂಗನ್ನು ನಿಲ್ಲಿಸಿ, ದೊಡ್ಡದು ಮಾಡಿ ನೋಡಿ. ಹಗಲಲ್ಲಿ ಎಲ್ಲ ಕ್ಯಾಮೆರಾಗಳೂ ಚೆನ್ನಾಗಿಯೇ ಕಾಣುತ್ತವೆ.

ರಾತ್ರಿ ಏನು ಕೆಡುತ್ತದೆ, ಏಕೆ

ಕತ್ತಲಲ್ಲಿ ಕ್ಯಾಮೆರಾ ತನ್ನದೇ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನ) ಎಲ್‌ಇಡಿ ಹೊತ್ತಿಸಿಕೊಂಡು ಕಪ್ಪು-ಬಿಳುಪಿಗೆ ಹೋಗುತ್ತದೆ. ಆಗ ಮೂರು ತೊಂದರೆಗಳು ಪದೇ ಪದೇ ಬರುತ್ತವೆ.

ಮೊದಲನೆಯದು ಪ್ರತಿಫಲನ. ಸಜ್ಜಾದ ಕೆಳಗೆ ಒಳಭಾಗಕ್ಕೆ ಕ್ಯಾಮೆರಾ ಕೂರಿಸಿದ್ದರೆ ಸಜ್ಜಾದ ಬಿಳಿ ಬಣ್ಣ ಅಥವಾ ಪಕ್ಕದ ಗೋಡೆ ಚಿತ್ರದ ಒಂದು ಅಂಚಿನಲ್ಲಿ ಬರುತ್ತದೆ. ಇನ್‌ಫ್ರಾರೆಡ್ ಬೆಳಕು ಅದಕ್ಕೆ ಬಡಿದು ನೇರ ವಾಪಸಾಗುತ್ತದೆ. ದೃಶ್ಯದಲ್ಲಿ ಬೆಳಕು ಸಾಕಷ್ಟಿದೆ ಎಂದು ತಿಳಿದ ಕ್ಯಾಮೆರಾ ಎಕ್ಸ್‌ಪೋಶರ್, ಅಂದರೆ ಒಳಗೆ ಬಿಟ್ಟುಕೊಳ್ಳುವ ಬೆಳಕನ್ನು, ಇಳಿಸುತ್ತದೆ, ಗೇಟು ಕಪ್ಪಾಗುತ್ತದೆ. ಪರಿಹಾರ ಸರಳ: ಸಜ್ಜಾದ ಅಂಚಿಗೆ ತನ್ನಿ, ಗೋಡೆ ಚಿತ್ರದಲ್ಲಿ ಬರದಂತೆ ತಿರುಗಿಸಿ. ಗಾಜಿನ ಕಿಟಕಿಯ ಹಿಂದೆ ಇಟ್ಟ ಕ್ಯಾಮೆರಾ ರಾತ್ರಿ ಕುರುಡಾಗುವುದೂ ಇದೇ ಕಾರಣಕ್ಕೆ. ಡೋಮ್ ಕ್ಯಾಮೆರಾದ ಪ್ಲಾಸ್ಟಿಕ್ ಬುರುಡೆಯ ಮೇಲೆ ದೂಳು, ಗೀರು, ಮಳೆಹನಿ ಕೂತರೂ ಹಾಗೆಯೇ. ಹೊರಗಡೆಗೆ ಕೊಳವೆಯಂಥ ಬುಲೆಟ್ ಅಥವಾ ಮುಂದೆ ಬುರುಡೆಯಿಲ್ಲದ ಟರೆಟ್ ಮಾದರಿಯೇ ಒಳ್ಳೆಯದು.

ಎರಡನೆಯದು ಜೇಡರ ಬಲೆ. ಎಲ್‌ಇಡಿಯ ಸುತ್ತ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ. ಲೆನ್ಸಿನ ಮುಂದಿನ ಒಂದು ಎಳೆ ರಾತ್ರಿ ಹಗ್ಗದಷ್ಟು ದಪ್ಪ ಬೆಳ್ಳಗೆ ಕಾಣುತ್ತದೆ, ಗಾಳಿಗೆ ಅಲುಗಿದಾಗಲೆಲ್ಲ ಮೊಬೈಲಿಗೆ ಅಲರ್ಟ್ ಬರುತ್ತದೆ. ತಿಂಗಳಿಗೊಮ್ಮೆ ಕೋಲಿನ ತುದಿಗೆ ಮೆತ್ತನೆಯ ಬ್ರಷ್ ಕಟ್ಟಿ ಒರೆಸುವುದೇ ಮದ್ದು.

ಮೂರನೆಯದು ಹೆಚ್ಚಿನವರಿಗೆ ಗೊತ್ತಿಲ್ಲದ್ದು, ಮುಖ ಕಲಸಿಹೋಗಲು ಮುಖ್ಯ ಕಾರಣವೂ ಅದೇ: ಶಟರ್ ವೇಗ. ಬೆಳಕು ಕಡಿಮೆಯಾದಾಗ ಕ್ಯಾಮೆರಾ ಶಟರನ್ನು 1/25 ಸೆಕೆಂಡ್ ತೆರೆದಿಡುತ್ತದೆ. ಸೆಕೆಂಡಿಗೆ ಒಂದೂವರೆ ಮೀಟರ್ ನಡೆಯುವವರು ಅಷ್ಟರಲ್ಲಿ 6 ಸೆಂಟಿಮೀಟರ್ ಸರಿದಿರುತ್ತಾರೆ. ಮೀಟರಿಗೆ 250 ಪಿಕ್ಸೆಲ್ ಇರುವ ಕಡೆ ಒಂದು ಮುಖದ ಅಗಲ ಸುಮಾರು 40 ಪಿಕ್ಸೆಲ್. ಅಡ್ಡ ನಡೆದರೆ ಅದರಲ್ಲಿ 15 ಪಿಕ್ಸೆಲ್‌ನಷ್ಟು ಕದಡಿಹೋಯಿತು. ಕ್ಯಾಮೆರಾದ ಮೆನುವಿನಲ್ಲಿ ಶಟರನ್ನು 1/100ಕ್ಕೆ ಕಟ್ಟಿಹಾಕಿದರೆ ಕದಡುವುದು 4 ಪಿಕ್ಸೆಲ್ ಮಾತ್ರ. ಚಿತ್ರ ಆಗ ಕಪ್ಪಾಗುತ್ತದೆ, ಆದ್ದರಿಂದ ಗೇಟಿನ ಹತ್ತಿರ ಒಂದು ದೀಪ ಬೇಕು. 9 ವಾಟ್‌ನ ಒಂದು ಎಲ್‌ಇಡಿ ಬಲ್ಬು ರಾತ್ರಿಯಿಡೀ, ಹನ್ನೆರಡು ಗಂಟೆ, ಉರಿದರೂ ತಿಂಗಳಿಗೆ ಮೂರು ಯೂನಿಟ್ ಚಿಲ್ಲರೆ. ದುಬಾರಿ ಕ್ಯಾಮೆರಾಕ್ಕಿಂತ ಈ ಬಲ್ಬಿನಿಂದ ಸಿಗುವ ಲಾಭ ದೊಡ್ಡದು. ದೀಪ ಕ್ಯಾಮೆರಾದ ಕಣ್ಣಿಗೆ ನೇರ ಹೊಡೆಯದಂತೆ, ಬರುವವರ ಮುಖದ ಮೇಲೆ ಬೀಳುವಂತೆ ಇರಲಿ.

ಇದೇ ಮೆನುವಿನಲ್ಲಿ ವಿಡಿಯೊ ಸ್ಟ್ಯಾಂಡರ್ಡ್ 50 ಹರ್ಟ್ಸ್, ಅಂದರೆ ಪಾಲ್ (PAL), ಆಗಿದೆಯೇ ನೋಡಿ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. 60 ಎಂದು ಬಿಟ್ಟಿದ್ದರೆ ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ಬೆಳಕಿನಲ್ಲಿ ಚಿತ್ರದ ಮೇಲೆ ಪಟ್ಟೆಗಳು ಹರಿದಾಡುತ್ತವೆ.

ರಾತ್ರಿಯೂ ಬಣ್ಣದಲ್ಲಿ ತೋರಿಸುವ ಹಲವು ಕ್ಯಾಮೆರಾಗಳು ಎಫ್1.0 ಲೆನ್ಸ್ ಬಳಸುತ್ತವೆ. ಎಫ್2.0ಕ್ಕಿಂತ ಅದು ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಬೀದಿದೀಪ ಇರುವ ರಸ್ತೆಯಲ್ಲಿ ಇವು ನಿಜಕ್ಕೂ ಚೆನ್ನಾಗಿವೆ. ಅಂಗಿಯ ಬಣ್ಣ, ಗಾಡಿಯ ಬಣ್ಣ ಸಿಗುವುದು ತನಿಖೆಗೆ ಬಹಳ ಉಪಯೋಗ. ಇನ್ನೊಂದು ಮಾತು: ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಗಾತ್ರ ಅದೇ ಇದ್ದು ಮೆಗಾಪಿಕ್ಸೆಲ್ ಮಾತ್ರ ಏರಿಸಿದರೆ ಪ್ರತಿ ಪಿಕ್ಸೆಲ್ ಚಿಕ್ಕದಾಗಿ ಕತ್ತಲಲ್ಲಿ ಕಾಳುಕಾಳು ಹೆಚ್ಚುತ್ತದೆ. ಅಗ್ಗದ 8 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಸೆನ್ಸರಿನ 4 ಮೆಗಾಪಿಕ್ಸೆಲ್ ರಾತ್ರಿಗೆ ಲೇಸು. ವಿವರಪಟ್ಟಿಯಲ್ಲಿ 1/1.8 ಎಂದಿದ್ದರೆ ಅದು 1/2.8ಕ್ಕಿಂತ ದೊಡ್ಡ ಸೆನ್ಸರ್.

ತಂತಿ

ಕೋ-ಆಕ್ಸಿಯಲ್ ಕೇಬಲ್‌ನ ಎಚ್‌ಡಿ ಕ್ಯಾಮೆರಾ ಮತ್ತು ಡಿವಿಆರ್ ಅಗ್ಗ. ಮನೆಯಲ್ಲಿ ಈಗಾಗಲೇ ಹಳೆಯ 3+1 ಕೇಬಲ್ (ಚಿತ್ರಕ್ಕೆ ಒಂದು ಕೋ-ಆಕ್ಸಿಯಲ್ ತಂತಿ, ಕರೆಂಟು ಮೊದಲಾದವಕ್ಕೆ ಮೂರು ತೆಳು ತಂತಿ) ಎಳೆದಿದ್ದರೆ ಅದನ್ನೇ ಮುಂದುವರಿಸಬಹುದು. ಹೊಸ ಮನೆ ಕಟ್ಟುತ್ತಿದ್ದರೆ ಬೇರೆ ಯೋಚನೆ ಬೇಡ: ಪ್ಲಾಸ್ಟರಿಂಗ್‌ಗೆ ಮೊದಲೇ ಪ್ರತಿ ಕ್ಯಾಮೆರಾ ಜಾಗಕ್ಕೂ ಒಂದು ಇಂಚಿನ ಪಿವಿಸಿ ಪೈಪು, ಅದರಲ್ಲಿ ಕ್ಯಾಟ್6 ನೆಟ್‌ವರ್ಕ್ ಕೇಬಲ್, ಒಂದು ಪಿಒಇ ಎನ್‌ವಿಆರ್ (ಐಪಿ ಕ್ಯಾಮೆರಾಗಳ ದೃಶ್ಯ ದಾಖಲಿಸುವ ಪೆಟ್ಟಿಗೆ; ಪಿಒಇ ಎಂದರೆ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟು). ಒಂದೇ ಕೇಬಲ್‌ನಲ್ಲಿ ಚಿತ್ರವೂ ಬರುತ್ತದೆ, ಕ್ಯಾಮೆರಾಕ್ಕೆ ಕರೆಂಟೂ ಹೋಗುತ್ತದೆ. 100 ಮೀಟರ್‌ವರೆಗೆ ತೊಂದರೆಯಿಲ್ಲ. 802.3ಎಎಫ್ ಎಂಬ ಪಿಒಇ ಮಾನದಂಡದ ಪೋರ್ಟು 15.4 ವಾಟ್ ಕೊಡುತ್ತದೆ, ಮಾಮೂಲಿ ಕ್ಯಾಮೆರಾಕ್ಕೆ ಅದು ಸಾಕು.

ಕೇಬಲ್ ಕೊಳ್ಳುವಾಗ ಶುದ್ಧ ತಾಮ್ರವೇ ಎಂದು ನೋಡಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ 'ಸಿಸಿಎ' ಕೇಬಲ್ ಮಾರುಕಟ್ಟೆಯ ತುಂಬ ಇದೆ. ಬ್ಲೇಡಿನಿಂದ ಎಳೆಯನ್ನು ಕೆರೆದರೆ ಒಳಗೆ ಬೆಳ್ಳಗೆ ಕಂಡರೆ ಅದು ಸಿಸಿಎ. ಅದರ ತಡೆ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು, ಬಗ್ಗಿಸಿದರೆ ಬೇಗ ಮುರಿಯುತ್ತದೆ, ಜಾಯಿಂಟಿನಲ್ಲಿ ತುಕ್ಕು ಹಿಡಿಯುತ್ತದೆ. ತುದಿಗೆ ಆರ್‌ಜೆ45 ಪ್ಲಗ್ ಹಾಕುವಾಗ ಎರಡೂ ಕಡೆ ಒಂದೇ ಕ್ರಮ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಹಗಲೆಲ್ಲ ಸರಿಯಿದ್ದು ರಾತ್ರಿಯಾದೊಡನೆ ಚಿತ್ರ ಮಿಣುಕುವುದು, ಕ್ಯಾಮೆರಾ ಆಫ್ ಆಗಿ ಆನ್ ಆಗುವುದು 3+1 ಕೇಬಲ್‌ನ ಮನೆಗಳಲ್ಲಿ ಸಾಮಾನ್ಯ ದೂರು. ಕ್ಯಾಮೆರಾ ಕೆಟ್ಟಿದೆ ಎಂದು ಬದಲಿಸುವ ಮೊದಲು, ರಾತ್ರಿ ಇನ್‌ಫ್ರಾರೆಡ್ ಹೊತ್ತಿರುವಾಗ ಕ್ಯಾಮೆರಾ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. ಎಲ್‌ಇಡಿ ಹೊತ್ತಿದಾಗ ಕ್ಯಾಮೆರಾ ಎಳೆಯುವ ಕರೆಂಟು ಏರುತ್ತದೆ, ತೆಳು ತಂತಿಯಲ್ಲಿ ವೋಲ್ಟೇಜ್ ಬೀಳುತ್ತದೆ. 12 ವೋಲ್ಟ್ ಇರಬೇಕಾದ ಕಡೆ 11ಕ್ಕಿಂತ ಕಡಿಮೆ ತೋರಿಸಿದರೆ ತಪ್ಪು ಕೇಬಲ್‌ನದು, ಸಡಿಲ ಡಿಸಿ ಪಿನ್‌ನದು ಅಥವಾ ಸಾಮರ್ಥ್ಯ ಸಾಲದ ಎಸ್‌ಎಂಪಿಎಸ್‌ನದು (ಕ್ಯಾಮೆರಾಗಳಿಗೆ 12 ವೋಲ್ಟ್ ಕೊಡುವ ಪೆಟ್ಟಿಗೆ).

ಮಳೆಯ ವಿಷಯ. ಐಪಿ66, ಐಪಿ67 ಎಂಬ ದೂಳು-ನೀರು ತಡೆಯುವ ಮಟ್ಟದ ಗುರುತು ಕ್ಯಾಮೆರಾದ ಮೈಗೆ ಮಾತ್ರ. ಹಿಂದೆ ಜೋತುಬೀಳುವ ಕನೆಕ್ಟರಿಗೆ ಅಲ್ಲ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಲ್ಲಿ ಕೈಕೊಡುವ ಕ್ಯಾಮೆರಾಗಳಲ್ಲಿ ನೀರು ಹೋಗಿರುವುದು ಅಲ್ಲಿಂದಲೇ. ಡಬ್ಬದ ಜೊತೆ ಬರುವ ರಬ್ಬರ್ ಗ್ಲ್ಯಾಂಡನ್ನು ಎಸೆಯದೆ ಹಾಕಿಸಿ, ಕನೆಕ್ಟರನ್ನು ಪಿವಿಸಿ ಜಂಕ್ಷನ್ ಬಾಕ್ಸಿನೊಳಗೆ ಕೂರಿಸಿ, ಬಾಕ್ಸಿಗೆ ಕೇಬಲ್ ಕೆಳಗಿನಿಂದ ಹೋಗಲಿ, ಹೋಗುವ ಮುನ್ನ ಒಂದು ಬಳುಕು ಕೆಳಕ್ಕೆ ಇಳಿದಿರಲಿ. ನೀರು ಅಲ್ಲಿಂದಲೇ ತೊಟ್ಟಿಕ್ಕಿ ಬೀಳುತ್ತದೆ. ಕಡಲತೀರದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಿಟ್ಟು ಬೇರೆ ಹಾಕಬೇಡಿ.

ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿನ ದಿನಗಳಲ್ಲಿ ಹೊರಗಿನ ತಾಮ್ರದ ಕೇಬಲ್ ಮೂಲಕ ಎನ್‌ವಿಆರ್, ರೂಟರ್ ಎಲ್ಲ ಒಟ್ಟಿಗೆ ಸುಡುವುದುಂಟು. ಮನೆಯ ಅರ್ತಿಂಗ್ ಸರಿಯಿಲ್ಲದಿದ್ದರೆ ಸರ್ಜ್ ಪ್ರೊಟೆಕ್ಟರ್ ಹಾಕಿಯೂ ಪ್ರಯೋಜನವಿಲ್ಲ. ಮನೆಯಿಂದ ದೂರದ ಕೊಟ್ಟಿಗೆಗೋ ಅಡಿಕೆ ಗೋದಾಮಿಗೋ ಕೇಬಲ್ ಎಳೆಯುವುದಾದರೆ ಆಪ್ಟಿಕಲ್ ಫೈಬರ್ ಎಳೆದು ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಮಾಮೂಲಿ ನೆಟ್‌ವರ್ಕ್ ಕೇಬಲ್‌ಗೆ ಜೋಡಿಸುವ ಸಾಧನ) ಹಾಕಿ. ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ. ಲೋಹದ ಕವಚವಿಲ್ಲದ ಫೈಬರನ್ನೇ ಕೇಳಿ.

ಬಾಡಿಗೆ ಮನೆಗೆ ವೈಫೈ ಕ್ಯಾಮೆರಾ ಸರಿ. ಗೋಡೆ ಕೊರೆಯಬೇಕಿಲ್ಲ, ಬಿಟ್ಟು ಹೋಗುವಾಗ ಬಿಚ್ಚಿಕೊಳ್ಳಬಹುದು. ಇವುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ರೂಟರ್ ಎರಡೂ ಬ್ಯಾಂಡಿಗೆ ಒಂದೇ ಹೆಸರು ಕೊಟ್ಟಿದ್ದರೆ ಸೆಟ್ಟಪ್ ಅರ್ಧಕ್ಕೇ ನಿಲ್ಲುತ್ತದೆ. ಹೊಂದಿಸುವಷ್ಟು ಹೊತ್ತು 5 ಗಿಗಾಹರ್ಟ್ಸ್ ಆಫ್ ಮಾಡಿ. ಕ್ಯಾಮೆರಾ ಜಾಗದಲ್ಲಿ ಸಿಗ್ನಲ್ ಮೈನಸ್ 65 ಡಿಬಿಎಂಗಿಂತ ದುರ್ಬಲವಾಗಿದ್ದರೆ (ಮೈನಸ್ 70, 75ರಂತೆ) ರೆಕಾರ್ಡಿಂಗ್ ತುಂಡುತುಂಡಾಗುತ್ತದೆ. ತೋಟದ ಮನೆಗೆ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಬಂದಿವೆ. ಅವು ಬ್ಯಾಟರಿ ಉಳಿಸಲು ನಿದ್ದೆಯಲ್ಲಿದ್ದು, ದೇಹದ ಶಾಖದ ಚಲನೆ ಕಂಡಾಗ ಏಳುತ್ತವೆ. ಏಳುವಷ್ಟರಲ್ಲಿ ಮೊದಲ ಕ್ಷಣಗಳು ತಪ್ಪಿಹೋಗುತ್ತವೆ. ಅಡಿಕೆ ಒಣಗಿಸುವ ಅಂಗಳಕ್ಕೆ ಇಡುವುದಾದರೆ ಅಂಗಳದ ನಡುವನ್ನಲ್ಲ, ಅಂಗಳಕ್ಕೆ ಬರುವ ದಾರಿಯನ್ನು ನೋಡುವಂತೆ ಇಡಿ.

ಎಷ್ಟು ದಿನ ಉಳಿಯುತ್ತದೆ, ಎಲ್ಲಿ ಉಳಿಯುತ್ತದೆ

ನೆನಪಿಡಬೇಕಾದ ಲೆಕ್ಕ ಒಂದೇ: 1 ಎಂಬಿಪಿಎಸ್ (ಸೆಕೆಂಡಿಗೆ ಒಂದು ಮೆಗಾಬಿಟ್) ಎಂದರೆ ದಿನಕ್ಕೆ 10.8 ಜಿಬಿ. 4 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ ಎಚ್.265 ಎಂಬ ವಿಡಿಯೊ ಕುಗ್ಗಿಸುವ ವಿಧಾನ, ಸೆಕೆಂಡಿಗೆ 15 ಫ್ರೇಮ್, 2 ಎಂಬಿಪಿಎಸ್ ಇಟ್ಟರೆ ದಿನಕ್ಕೆ 21.6 ಜಿಬಿ. ನಾಲ್ಕು ಕ್ಯಾಮೆರಾಗೆ 86 ಜಿಬಿ. 1 ಟಿಬಿಯಲ್ಲಿ ಹನ್ನೊಂದು ದಿನ, 2 ಟಿಬಿಯಲ್ಲಿ 23 ದಿನ ಉಳಿಯುತ್ತದೆ, ಆಮೇಲೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಜನ ಸೇರುವ ಸಾರ್ವಜನಿಕ ಜಾಗಗಳಿಗೆ ಕರ್ನಾಟಕದ ಸಾರ್ವಜನಿಕ ಸುರಕ್ಷತಾ ಕಾಯ್ದೆ 30 ದಿನದ ದೃಶ್ಯ ಇಡಬೇಕೆನ್ನುತ್ತದೆ. ಮನೆಗೆ ಆ ಕಡ್ಡಾಯವಿಲ್ಲ. ಆದರೂ ಊರಿಗೆ ಹೋಗಿ ಎರಡು ವಾರ ಬಿಟ್ಟು ಬರುವವರಿಗೆ 30 ದಿನ ಹಿತವಾದ ಗುರಿ, ಅದಕ್ಕೆ 2.6 ಟಿಬಿ ಬೇಕು; 4 ಟಿಬಿ ಡಿಸ್ಕ್ ಧಾರಾಳ. 128 ಜಿಬಿ ಮೆಮೊರಿ ಕಾರ್ಡಿನ ವೈಫೈ ಕ್ಯಾಮೆರಾದಲ್ಲಿ ನಿರಂತರ ರೆಕಾರ್ಡಿಂಗ್ ಆರು ದಿನಕ್ಕೂ ಸಾಲದು. ಕಾರ್ಡು 'ಹೈ ಎಂಡ್ಯೂರೆನ್ಸ್' ಆಗಿರಲಿ. ಮಾಮೂಲಿ ಕಾರ್ಡು ಸತತ ಬರವಣಿಗೆಗೆ ಬೇಗ ಸವೆದು, ಸವೆದದ್ದು ಗೊತ್ತೂ ಆಗುವುದಿಲ್ಲ.

ಹಾರ್ಡ್ ಡಿಸ್ಕಿಗೂ ಇದೇ ಮಾತು. ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್‌ನಂಥವು ಹಗಲು ರಾತ್ರಿ ಬರೆಯುವುದಕ್ಕೆಂದೇ ಮಾಡಿದ ಡಿಸ್ಕುಗಳು. ಸೆಟ್ಟಿನ ಬೆಲೆ ಇಳಿಸಲು ಹಳೆಯ ಕಂಪ್ಯೂಟರ್ ಡಿಸ್ಕ್ ಹಾಕಿಕೊಡುವುದುಂಟು, ಮುಚ್ಚಳ ತೆಗೆಸಿ ಲೇಬಲ್ ನೋಡಿ. ಡಿಸ್ಕ್ ಕೆಟ್ಟರೆ ಬೀಪ್ ಮಾಡುವ ಅಲಾರಂ ಮೆನುವಿನಲ್ಲಿ ಇರುತ್ತದೆ, ಅದನ್ನು ಆನ್ ಮಾಡಿಸಿ. ಲೈವ್ ಕಾಣುತ್ತಿದೆ ಎಂದರೆ ರೆಕಾರ್ಡ್ ಆಗುತ್ತಿದೆ ಎಂದಲ್ಲ. ತಿಂಗಳಿಗೊಮ್ಮೆ ಕಳೆದ ವಾರದ ಯಾವುದೋ ರಾತ್ರಿ ಎರಡು ಗಂಟೆಯ ದೃಶ್ಯವನ್ನು ತೆರೆದು ನೋಡಿ.

ಡಿವಿಆರ್ ಅನ್ನು ಟಿವಿಯ ಕೆಳಗಿನ ಶೋಕೇಸಿನಲ್ಲಿ ಇಡುವುದು ವಾಡಿಕೆ. ಕಳ್ಳರು ಡಿವಿಆರ್ ಸಮೇತ ಹೋದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುವುದು ಇದರಿಂದಲೇ. ಅಟ್ಟದಲ್ಲೋ ಬೀಗವಿರುವ ಕಪಾಟಿನಲ್ಲೋ ಇಡಿ, ಗಾಳಿಯಾಡಲಿ. ಗೇಟಿನ ಮತ್ತು ಬಾಗಿಲ ಕ್ಯಾಮೆರಾಗಳಿಗೆ ಮೆಮೊರಿ ಕಾರ್ಡ್ ಜಾಗವಿದ್ದರೆ ಎರಡನೇ ಪ್ರತಿ ಅಲ್ಲಿರಲಿ, ಚಲನೆಯ ತುಣುಕುಗಳು ಕ್ಲೌಡಿಗೆ ಹೋಗುವಂತೆಯೂ ಮಾಡಬಹುದು.

ಎಷ್ಟೋ ಮನೆಗಳಲ್ಲಿ ಮೀಟರ್ ಬೋರ್ಡು ಪೋರ್ಟಿಕೊದಲ್ಲೇ ಇರುತ್ತದೆ. ಹೊರಗೆ ನಿಂತೇ ಎಂಸಿಬಿ ಇಳಿಸಬಹುದು. ಮನೆಯ ಇನ್ವರ್ಟರ್ ಸಾಮಾನ್ಯವಾಗಿ ಲೈಟು-ಫ್ಯಾನಿಗೆ ಮಾತ್ರ ಸಂಪರ್ಕವಿದ್ದು ಎನ್‌ವಿಆರ್ ಇರುವ ಪ್ಲಗ್ ಅದರಲ್ಲಿರುವುದಿಲ್ಲ. ಎಲೆಕ್ಟ್ರಿಷಿಯನ್‌ಗೆ ಹೇಳಿ ಆ ಪ್ಲಗ್ಗನ್ನೂ ರೂಟರ್ ಪ್ಲಗ್ಗನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿ. ನಾಲ್ಕು ಕ್ಯಾಮೆರಾ, ಎನ್‌ವಿಆರ್, ರೂಟರ್ ಎಲ್ಲ ಸೇರಿ 50 ವಾಟ್ ಆಸುಪಾಸು. ಕಂಪ್ಯೂಟರಿನ 600 ವಿಎ ಯುಪಿಎಸ್‌ನ 7 ಎಎಚ್ ಬ್ಯಾಟರಿ ಅದನ್ನು ಸುಮಾರು ಮುಕ್ಕಾಲು ಗಂಟೆ ಹೊತ್ತು ನಡೆಸಬಲ್ಲದು.

ಖಾತೆ ನಿಮ್ಮ ಹೆಸರಿನಲ್ಲಿರಲಿ

2016ರಲ್ಲಿ 'ಮಿರಾಯ್' ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶಪಡಿಸಿಕೊಂಡಿತು. ಅದು ಮಾಡಿದ್ದು ಇಷ್ಟೇ: ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್‌ಗಳ ಒಂದು ಪಟ್ಟಿಯನ್ನು ಒಂದೊಂದಾಗಿ ಪ್ರಯತ್ನಿಸಿದ್ದು. ನಮ್ಮಲ್ಲಿ ಇನ್ನೊಂದು ಅಪಾಯ ಜಾಸ್ತಿ. ಹಾಕಿಕೊಡುವವರು ಎಲ್ಲ ಗಿರಾಕಿಗಳಿಗೂ ಒಂದೇ ಪಾಸ್‌ವರ್ಡ್ ಇಡುತ್ತಾರೆ, ಸಾಧನವನ್ನು ತಮ್ಮದೇ ಆ್ಯಪ್ ಖಾತೆಗೆ ಸೇರಿಸಿ ನಿಮಗೆ 'ಶೇರ್' ಮಾಡಿಕೊಡುತ್ತಾರೆ. ಅಂದರೆ ನಿಮ್ಮ ಮನೆಯ ಕ್ಯಾಮೆರಾದ ಒಡೆತನ ಅವರ ಮೊಬೈಲಿನಲ್ಲಿ. ಕೆಲಸ ಮುಗಿಯುವ ಮೊದಲು ನಿಮ್ಮ ಇಮೇಲ್‌ನಲ್ಲಿ ಖಾತೆ ತೆರೆದು ಸಾಧನ ಅದಕ್ಕೇ ಸೇರಿಸಿಸಿ, ಅಡ್ಮಿನ್ ಪಾಸ್‌ವರ್ಡ್ ನೀವೇ ಟೈಪ್ ಮಾಡಿ, ಎರಡು ಹಂತದ ದೃಢೀಕರಣ ಹಾಕಿ. ರೂಟರಿನಲ್ಲಿ ಯುಪಿಎನ್‌ಪಿ ಆಫ್ ಮಾಡಿ, ಪೋರ್ಟ್ ಫಾರ್ವರ್ಡಿಂಗ್ ಮಾಡಿಸಲೇಬೇಡಿ; ಎರಡೂ ಹೊರಗಿನ ಇಂಟರ್ನೆಟ್‌ನಿಂದ ಸಾಧನಕ್ಕೆ ನೇರ ದಾರಿ ತೆರೆಯುತ್ತವೆ. ಅಮೆರಿಕದಲ್ಲೋ ದುಬೈನಲ್ಲೋ ಇರುವ ಮಕ್ಕಳು ಅಪ್ಪ-ಅಮ್ಮನ ಮನೆ ನೋಡಲು ಆ್ಯಪ್‌ನ ಕ್ಯೂಆರ್ ಸಂಪರ್ಕ ಸಾಕು. ಅವರಿಗೆ ಅಡ್ಮಿನ್ ಪಾಸ್‌ವರ್ಡ್ ಬೇಕಿಲ್ಲ, ನೋಡುವ ಹಕ್ಕಷ್ಟೇ ಕೊಡಿ.

ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಸಿಸಿ ಕ್ಯಾಮೆರಾಗಳಿಗೆ ಸೈಬರ್ ಸುರಕ್ಷತೆಯ ಅಗತ್ಯಗಳನ್ನು ಅಧಿಸೂಚಿಸಿತು. 2025ರ ಏಪ್ರಿಲ್ 9ರಿಂದ ಅವು ಜಾರಿಗೆ ಬಂದವು. ಡಬ್ಬದ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿಗಿದೆ ಎಂದು ಗೊತ್ತಾಗುತ್ತದೆ. ಹೆಸರಿಲ್ಲದ ಅಗ್ಗದ ಕ್ಯಾಮೆರಾಗಳನ್ನು ದೂರ ಇಡಲು ಇದು ಸುಲಭ ದಾರಿ.

ಅಲರ್ಟ್‌ಗಳ ಬಗ್ಗೆ ಒಂದೇ ಸಲಹೆ: ಬರೀ 'ಮೋಶನ್' ಬಿಟ್ಟು 'ಹ್ಯೂಮನ್' ಪತ್ತೆಯನ್ನು, ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ, ಗೇಟಿನೊಳಗಿನ ಜಾಗಕ್ಕೆ ಮಾತ್ರ ಹಾಕಿ. ಬೆಕ್ಕಿಗೂ ತೆಂಗಿನ ಗರಿಗೂ ಅಲರ್ಟ್ ಬಂದರೆ ವಾರದೊಳಗೆ ನೋಟಿಫಿಕೇಶನ್ನೇ ಮ್ಯೂಟ್ ಆಗಿರುತ್ತದೆ.

ಪಕ್ಕದ ಮನೆ, ಬಾಡಿಗೆಯವರು, ಪೊಲೀಸರು

ನಿಮ್ಮ ಕ್ಯಾಮೆರಾ ಪಕ್ಕದವರ ಕಿಟಕಿ, ಬಚ್ಚಲು, ಬಟ್ಟೆ ಒಣಗಿಸುವ ಟೆರೇಸ್ ನೋಡುತ್ತಿದ್ದರೆ ಅದು ಸರಿಯಲ್ಲ. ಎಲ್ಲ ಒಳ್ಳೆಯ ಕ್ಯಾಮೆರಾಗಳಲ್ಲೂ 'ಪ್ರೈವಸಿ ಮಾಸ್ಕ್' ಇದೆ. ಆ ಭಾಗದ ಮೇಲೆ ಕಪ್ಪು ಚೌಕ ಎಳೆದರೆ ಅಲ್ಲಿನದು ರೆಕಾರ್ಡೇ ಆಗುವುದಿಲ್ಲ. ಎಳೆದು, ಪಕ್ಕದವರಿಗೆ ತೋರಿಸಿ. ಮುಂದೆ ಬರುವ ಜಗಳ ಅಲ್ಲೇ ತಪ್ಪುತ್ತದೆ. ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಅಂಗಗಳ ಚಿತ್ರ ಸೆರೆಹಿಡಿಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ. ಜೊತೆಗಿರುವವರ ಒಪ್ಪಿಗೆಯಿಲ್ಲದೆ ಮನೆಯ ವಾಸದ ಭಾಗದೊಳಗೆ ಕ್ಯಾಮೆರಾ ನಡೆಸುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ ಹೇಳಿದ ತೀರ್ಪಿನಲ್ಲಿ 2025ರಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲಿಲ್ಲ. ಬಾಡಿಗೆಯವರ ಬಾಗಿಲಿಗೆ ನೇರವಾಗಿ ಕ್ಯಾಮೆರಾ ತಿರುಗಿಸಬೇಡಿ, ಮೆಟ್ಟಿಲಿನ ಬುಡ ಸಾಕು. ಮನೆಕೆಲಸಕ್ಕೆ ಬರುವವರಿಗೆ ಒಳಗೆ ಕ್ಯಾಮೆರಾ ಇದೆ ಎಂದು ಮೊದಲೇ ಹೇಳಿ. ಮೈಕು ಆಫ್ ಇರಲಿ.

ಕಳ್ಳತನ ನಡೆದೇಬಿಟ್ಟರೆ, 112ಕ್ಕೆ ಕರೆ ಮಾಡಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಡಿವಿಆರ್‌ನ ಪರದೆಯ ಗಡಿಯಾರವನ್ನೂ ಮೊಬೈಲಿನ ಗಡಿಯಾರವನ್ನೂ ಪಕ್ಕಪಕ್ಕ ಇಟ್ಟು ಇನ್ನೊಂದು ಮೊಬೈಲಿನಲ್ಲಿ ಒಂದು ಫೋಟೊ ತೆಗೆಯುವುದು. ಇಂಟರ್ನೆಟ್ ಸಮಯಕ್ಕೆ ಹೊಂದಿಸದ ಡಿವಿಆರ್‌ಗಳ ಗಡಿಯಾರ ತಿಂಗಳುಗಳಲ್ಲಿ ನಿಮಿಷಗಟ್ಟಲೆ ಸರಿದಿರುತ್ತದೆ, ಆ ವ್ಯತ್ಯಾಸ ಎಷ್ಟು ಎಂಬುದು ದಾಖಲಾಗಿದ್ದರೆ ಫೋನ್ ಟವರ್ ವಿವರಕ್ಕೂ ಪಕ್ಕದ ರಸ್ತೆಯ ಕ್ಯಾಮೆರಾಕ್ಕೂ ತಾಳೆ ನೋಡಬಹುದು. ಮುಂಚೆಯೇ ಎನ್‌ಟಿಪಿ (ಇಂಟರ್ನೆಟ್ ಸಮಯಕ್ಕೆ ತಾನೇ ಹೊಂದಿಕೊಳ್ಳುವ ಸೌಲಭ್ಯ) ಆನ್ ಮಾಡಿ, ಕಾಲವಲಯ +5:30 ಇಟ್ಟಿದ್ದರೆ ಈ ತಾಪತ್ರಯವಿಲ್ಲ. ಆಮೇಲೆ ಘಟನೆಯ ಹಿಂದಿನ ಒಂದು ಗಂಟೆಯಿಂದ ನಂತರದ ಒಂದು ಗಂಟೆಯವರೆಗೆ ಎಲ್ಲ ಕ್ಯಾಮೆರಾಗಳ ದೃಶ್ಯವನ್ನು, ಡಿವಿಆರ್‌ನ ಮೂಲ ಮಾದರಿಯಲ್ಲೇ, ಪೆನ್‌ಡ್ರೈವ್‌ಗೆ ತೆಗೆಯಿರಿ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು ಹುಡುಕಾಟಕ್ಕೆ ನೆರವಾದೀತು, ನ್ಯಾಯಾಲಯದಲ್ಲಿ ಅದರ ಬಲ ಕಡಿಮೆ. ಹಿಂದಿನ ವಾರದ ದೃಶ್ಯಗಳೂ ಮುಖ್ಯ, ಮನೆ ನೋಡಿಕೊಂಡು ಹೋಗಲು ಬಂದವರು ಅಲ್ಲಿ ಸಿಗಬಹುದು. ಆದ್ದರಿಂದ ಓವರ್‌ರೈಟ್ ನಿಲ್ಲಿಸಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೇಳುತ್ತದೆ. ಅದರ ಒಂದು ಭಾಗಕ್ಕೆ ಸಾಧನವನ್ನು ನೋಡಿಕೊಳ್ಳುವವರು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು. ಕಡತದ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ನಮೂದಿಸಬೇಕು. ಹ್ಯಾಶ್ ಎಂದರೆ ಕಡತದಿಂದ ಲೆಕ್ಕಹಾಕಿ ತೆಗೆದ ಒಂದು ಸಂಖ್ಯೆ. ಕಡತದ ಒಂದು ಬಿಟ್ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. ಪೊಲೀಸರು ಡಿವಿಆರ್ ಅನ್ನೇ ವಶಕ್ಕೆ ತೆಗೆದುಕೊಂಡರೆ ಮಹಜರಿನಲ್ಲಿ ಅದರ ಮಾದರಿ, ಸೀರಿಯಲ್ ಸಂಖ್ಯೆ, ಹಾರ್ಡ್ ಡಿಸ್ಕಿನ ಸೀರಿಯಲ್ ಸಂಖ್ಯೆ ಬರೆದಿದೆಯೇ ನೋಡಿ ಸಹಿ ಮಾಡಿ, ಒಂದು ಪ್ರತಿ ಕೇಳಿ ಪಡೆಯಿರಿ. ಆ ಸಂಖ್ಯೆಗಳನ್ನು ಕ್ಯಾಮೆರಾ ಹಾಕಿಸಿದ ದಿನವೇ ಬಿಲ್ಲಿನ ಹಿಂದೆ ಬರೆದಿಟ್ಟುಕೊಂಡಿದ್ದರೆ ತಾಳೆ ನೋಡಲು ಎರಡು ನಿಮಿಷ ಸಾಕು.